ಎಲೀಹಿಯೋ ಎಂಬವನ ಹಬ್ಬದ ಬುಟ್ಟಿ

ಮೊಂತೆ ಕ್ರಿಸ್ತಿ, ಡಿಸೆಂಬರ್ ೨೯
ಹೊಸ ತಾರಸಿಯ ಕೆಳಗಿನಿಂದ

ಪ್ರೀತಿಯ ಎರ್ಸೀಲಿಯಾ,

ಮಂಡಿ ಹೇಗಿದೆ? ಮೊದಲು ಅದನ್ನು ಹೇಳು. ಹೋದ ತಿಂಗಳು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ದೇವರ ಪಟದ ಪಕ್ಕದಲ್ಲಿಟ್ಟು ಕೈಮುಗಿಯುತ್ತಿದ್ದೀಯೋ? ನಿನ್ನ ಯಜಮಾನಿ ದೊನ್ಯಾ ಗ್ರಾಸಿಯೇಲಾಳ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟು ವಾರಕ್ಕೊಮ್ಮೆ ಮುನಿಸಿಕೊಂಡು ನಿಲ್ಲುತ್ತದೆ ಎಂದು ನೀನು ಹೇಳಿದಂದಿನಿಂದ ಆ ಲಿಫ್ಟು ನನ್ನ ಖಾಸಾ ಶತ್ರುವಾಗಿದೆ. ನಾನು ಚೆನ್ನಾಗಿದ್ದೇನೆ. ಉಪ್ಪುನೀರಿನಲ್ಲಿ ನಿಂತು ಒಡೆದಿದ್ದ ಹಿಮ್ಮಡಿಗಳು ಈಗ ಮನುಷ್ಯರ ಹಿಮ್ಮಡಿಯ ಹಾಗೆ ಕಾಣುತ್ತಿವೆ. ಕರಿ ಆಡು ಎರಡು ಮರಿ ಹಾಕಿದೆ. ಅದರಲ್ಲೊಂದಕ್ಕೆ ಥೇಟ್ ನಿನ್ನ ಹಾಗೆಯೇ ಗದ್ದದ ಮೇಲೆ ಮಚ್ಚೆ. ಕೋಪ ಮಾಡಿಕೊಳ್ಳಬೇಡ, ಚೆಂದದ ಮರಿ.

ಫೋನು ಇರುವಾಗ ಇವನಿಗೇಕೆ ಕಾಗದದ ಹುಚ್ಚು ಎನ್ನುತ್ತೀಯ. ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ, ಸ್ಪೀಕರ್ ಹಾಕಿ, ಕೈತುಂಬ ಹಿಟ್ಟು ಮಾಡಿಕೊಂಡು ಮಾತಾಡುವವಳು ನೀನು. ನಾನು ಇಲ್ಲಿ ಪಿಸುಗುಟ್ಟಿದರೆ ಅಲ್ಲಿ ಊಟದ ಮೇಜಿನಲ್ಲಿ ಕೂತ ದೊನ್ಯಾ ಗ್ರಾಸಿಯೇಲಾ ತಲೆಯಾಡಿಸುತ್ತಾಳೆ. ಈ ಸುದ್ದಿ ಅವಳ ಕಿವಿಗೆ ಬೀಳುವುದು ಬೇಡ. ನಿನ್ನೆಯೇ ಬರೆಯಲು ಕೂತಿದ್ದೆ. ಆದರೆ ನಿನ್ನೆ ಡಿಸೆಂಬರ್ ಇಪ್ಪತ್ತೆಂಟು, ಊರಿಗೆ ಊರೇ ಸುಳ್ಳು ಹೇಳಿ ಒಬ್ಬರನ್ನೊಬ್ಬರು ಬೇಸ್ತು ಬೀಳಿಸುವ ದಿನ. ನಿನ್ನೆಯ ತಾರೀಕು ಹಾಕಿದ್ದರೆ ನೀನು ಒಂದಕ್ಷರವನ್ನೂ ನಂಬುತ್ತಿರಲಿಲ್ಲ. ಅದಕ್ಕೇ ಒಂದು ದಿನ ತಡೆದು ಬರೆಯುತ್ತಿದ್ದೇನೆ.

ಮೊದಲು ಸಿಹಿಯನ್ನೇ ಬಡಿಸುತ್ತೇನೆ. ತಾರಸಿ ಗಟ್ಟಿಯಾಗಿದೆ. ಕಾಂಕ್ರೀಟ್ ಹಾಕಿದ ದಿನದ ವಿಡಿಯೋವನ್ನು ನೀನು ನೋಡಿದ್ದೀಯ, ಆದರೆ ವಿಡಿಯೋದಲ್ಲಿ ಬೆವರಿನ ವಾಸನೆ ಬರುವುದಿಲ್ಲ. ಬೀದಿಯ ಗಂಡಸರೆಲ್ಲ ಸಾಲಾಗಿ ನಿಂತು ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬರೂ ಕೂಲಿ ಕೇಳಲಿಲ್ಲ. ಪದ್ಧತಿಯಂತೆ ಕೊನೆಯ ಬಕೆಟ್ ಮೇಲೇರಿದ ಮೇಲೆ ಎಲ್ಲರಿಗೂ ಸಾಂಕೋಚೋ ಸಾರು, ಒಂದೊಂದು ಗುಟುಕು ರಮ್. ಸಾರು ಮಾಡಿದವಳು ಪಕ್ಕದ ಮನೆಯವಳು. ಅವಳ ಮನಸ್ಸು ದೊಡ್ಡದು, ಆದರೆ ಉಪ್ಪಿನ ಊರಿನಲ್ಲಿ ಹುಟ್ಟಿ ಅಷ್ಟು ಸಪ್ಪೆ ಸಾರು ಮಾಡುವುದನ್ನು ಎಲ್ಲಿ ಕಲಿತಳೋ. ಈಗ ಮಳೆ ಬಂದರೆ ತಗಡಿನ ಮೇಲೆ ಕಲ್ಲು ಸುರಿದಂತೆ ಸದ್ದಿಲ್ಲ. ಬಿಸಿಲಿನಲ್ಲೂ ಒಳಗೆ ತಂಪು. ಎರಡು ವರ್ಷದ ಹಿಂದೆ ನೀನು ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ತಾರಸಿ ಗಟ್ಟಿಯಾದ ದಿನ ನಾನು ವಾಪಸ್ ಬರ್ತೀನಿ, ಅಲ್ಲೀವರೆಗೂ ಅಳ್ಬೇಡ” ಎಂದಿದ್ದೆ. ನಾನು ಅಳಲಿಲ್ಲ. ಸರಿ, ಸ್ವಲ್ಪ ಅತ್ತೆ.

ಈಗ ಖಾರ. ಆ ತಾರಸಿಯ ಸಿಮೆಂಟು ಬಂದದ್ದು ಉಪ್ಪಿನ ಕಂಪನಿಯ ದುಡ್ಡಿನಿಂದ ಎಂಬುದು ನಿನಗೆ ಗೊತ್ತು. ಈಸ್ಟರ್ ಕಳೆದ ಮೇಲೆ ನಾನು ಉಪ್ಪಿನ ಆಗರದ ಕೆಲಸ ಬಿಟ್ಟಾಗ ಮೇಸ್ತ್ರಿ ರಾದಾಮೆಸ್, “ನಿನ್ ಲೆಕ್ಕಾನ ರಾಜಧಾನಿಯವ್ರು ಅಷ್ಟಷ್ಟಾಗಿ ತೀರಿಸ್ತಾರೆ, ಯೋಚ್ನೆ ಮಾಡ್ಬೇಡ” ಎಂದಿದ್ದ. ಹೇಳಿದ ಹಾಗೆಯೇ ಹದಿನೈದು ದಿನಕ್ಕೊಮ್ಮೆ ದುಡ್ಡು ಬ್ಯಾಂಕಿಗೆ ಬೀಳುತ್ತ ಹೋಯಿತು. ಸಂಬಳದಷ್ಟೇ, ಒಂದು ಪೆಸೋ ಹೆಚ್ಚಿಲ್ಲ, ಒಂದು ಪೆಸೋ ಕಡಿಮೆಯಿಲ್ಲ. ನಾನು ಅದನ್ನು ಇಷ್ಟು ವರ್ಷ ದುಡಿದದ್ದಕ್ಕೆ ಸಿಗುವ ಪರಿಹಾರದ ಕಂತು ಎಂದುಕೊಂಡೆ. ನೀನೂ ಹಾಗೆಯೇ ಅಂದುಕೊಂಡೆ. “ಆ ಕಂಪನಿಗೂ ಒಂದು ಹೃದಯ ಐತೆ ಅಂತಾಯ್ತು ಬಿಡು” ಎಂದು ನೀನು ಫೋನಿನಲ್ಲಿ ನಕ್ಕಿದ್ದೆ. ಡಿಸೆಂಬರ್ ಮೊದಲಲ್ಲಿ ಒಂದು ದೊಡ್ಡ ಮೊತ್ತ ಬಿತ್ತಲ್ಲ, ಅದನ್ನು ಕೊನೆಯ ಕಂತು ಎಂದು ನಿನಗೆ ಹೇಳಿದ್ದೆ. ಅಡುಗೆಮನೆಯ ನೆಲಕ್ಕೆ ಟೈಲ್ಸ್ ಹಾಕಿಸೋಣ ಎಂದು ನೀನು ಬಣ್ಣವನ್ನೂ ಆರಿಸಿದ್ದೆ.

ಆಮೇಲೆ, ಕ್ರಿಸ್‌ಮಸ್ಸಿಗೆ ನಾಲ್ಕೈದು ದಿನ ಮುಂಚೆ, ನಾನು ಬಾಗಿಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಾಗ ರಾದಾಮೆಸ್ ಮೋಟಾರ್ ಬೈಕಿನಲ್ಲಿ ಬಂದ. ಹಿಂದೆ ಹಗ್ಗ ಬಿಗಿದು ಕಟ್ಟಿದ ಹಬ್ಬದ ಬುಟ್ಟಿ. ನಿನಗೆ ಗೊತ್ತಲ್ಲ, ಕಂಪನಿ ವರ್ಷಕ್ಕೊಮ್ಮೆ ಕೆಲಸಗಾರರಿಗೆ ಕೊಡುವ ಅದೇ ಬುಟ್ಟಿ, ಸೇಬು, ದ್ರಾಕ್ಷಿ, ಬಿಸ್ಕತ್ತು, ರಮ್ ಬಾಟಲಿ, ಮೇಲೆ ಬಣ್ಣದ ಕಾಗದ. ಬೈಕಿನಿಂದ ಇಳಿಯುವ ಮುಂಚೆಯೇ ಶುರುಮಾಡಿದ. “ಲೇ ಪೀತೋ, ಊರಲ್ಲಿ ಎಲ್ಲಾರ್ನೂ ಬಲ್ಲೋನು ನೀನು. ಈ ಎಲೀಹಿಯೋ ಪೆರಾಲ್ತಾ ಅಂದ್ರೆ ಯಾರೋ ಮಾರಾಯ? ರಾಜಧಾನಿಯಿಂದ ಬಂದ ಬುಟ್ಟಿ ಎಲ್ಲಾ ಹಂಚಾಯ್ತು, ಇದೊಂದಕ್ಕೆ ಗಿರಾಕಿನೇ ಇಲ್ಲ. ಮೂರು ದಿನದಿಂದ ಮದ್ವೆ ಹೆಣ್ಣನ್ನ ಮೆರೆಸ್ದಂಗೆ ಊರೆಲ್ಲಾ ಮೆರೆಸ್ತಿದೀನಿ.”

ಎರ್ಸೀ, ನೀನು ನಗುತ್ತಿದ್ದೀಯ, ನನಗೆ ಗೊತ್ತು. ಆದರೆ ಯೋಚಿಸಿ ನೋಡು. ಹುಡುಗನಾಗಿದ್ದಾಗಿನಿಂದ ಸೀಟಿ ಹೊಡೆದು ಹೊಡೆದು ಊರಿನ ಬಾಯಲ್ಲಿ ಪೀತೋ, ಅಂದರೆ ಸೀಟಿಯೇ, ಆದವನು ನಾನು. ಆಗರದಲ್ಲೂ ತೂಬು ತೆಗೆದಾಗ ಸೀಟಿ, ಮುಚ್ಚಿದಾಗ ಸೀಟಿ. ಈ ಊರಿನಲ್ಲಿ ಯಾರಿಗೆ ಯಾರ ಕಾಗದದ ಹೆಸರು ಗೊತ್ತಿದೆ? ಹದಿನೆಂಟು ವರ್ಷ ಒಟ್ಟಿಗೆ ಉಪ್ಪು ಎಳೆದ ರಾದಾಮೆಸ್ಸನ ಮನೆತನದ ಹೆಸರು ನನಗೂ ಗೊತ್ತಿಲ್ಲ. ನಮ್ಮ ಮದುವೆಯ ದಿನ ಪಾದ್ರಿಗಳು “ಎಲೀಹಿಯೋ” ಎಂದಾಗ ಯಾರು ಬಂದರೋ ಎಂದು ಹಿಂದೆ ತಿರುಗಿ ನೋಡಿದವಳು ನೀನೇ.

ನಾನು ಕೇಳಿದೆ, “ಅವ್ನು ಕೆಲ್ಸಕ್ಕೆ ಬರ್ತಾನಾ?” ರಾದಾಮೆಸ್ ಹೇಳಿದ, “ಬರ್ದೆ ಇರ್ತಾನಾ? ಪಟ್ಟೀಲಿ ಹೆಸ್ರು ಐತಲ್ಲ. ಯಾವನೋ ಒಳ್ಳೇ ಕೆಲ್ಸಗಾರನೇ ಇರ್ಬೇಕು, ಒಂದಿನಾನೂ ಅವನ್ ಮೇಲೆ ದೂರು ಬಂದಿಲ್ಲ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಲಿಲ್ಲ, ತೊಗರಿಕಾಯಿಯ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಆಡಿಗೂ ಹಾಕಿಬಿಟ್ಟೆ. ಕೆಲಸ ಬಿಟ್ಟವರಿಗೆ ಯಾವ ಕಂಪನಿಯೂ ಬುಟ್ಟಿ ಕಳಿಸುವುದಿಲ್ಲ. ಡಿಸೆಂಬರಿನ ಆ ದೊಡ್ಡ ಮೊತ್ತ ಕೊನೆಯ ಕಂತಲ್ಲ, ಕೆಲಸದಲ್ಲಿರುವವರಿಗೆ ಹಬ್ಬಕ್ಕೆ ಕೊಡುವ ಇಮ್ಮಡಿ ಸಂಬಳ. ರಾದಾಮೆಸ್ ರಾಜಧಾನಿಗೆ ಫೋನು ಮಾಡಿ “ಪೀತೋ ಕೆಲ್ಸ ಬಿಟ್ಟ” ಎಂದು ಹೇಳಿರುತ್ತಾನೆ. ಅಲ್ಲಿಯವರ ಪಟ್ಟಿಯಲ್ಲಿ ಪೀತೋ ಎಂಬವನು ಎಲ್ಲಿದ್ದಾನೆ? ಯಾರೋ ದಿನಗೂಲಿಯವನು ಹೋದನೆಂದು ಹೂಂಗುಟ್ಟಿ ಫೋನಿಟ್ಟಿರುತ್ತಾರೆ. ಪೀತೋ ಆಡು ಮೇಯಿಸುತ್ತಿದ್ದ. ಎಲೀಹಿಯೋ ಮಾತ್ರ ಒಂದು ದಿನವೂ ತಪ್ಪಿಸದೆ ಕೆಲಸಕ್ಕೆ ಹೋಗುತ್ತಿದ್ದ.

ಬಾಯಿ ಬಿಡಬೇಕೆಂದುಕೊಂಡೆ. ಬಾಯಿಂದ ಬಂದದ್ದು, “ವಿಚಾರಿಸ್ತೀನಿ” ಎಂಬ ಒಂದೇ ಮಾತು. ರಾದಾಮೆಸ್ಸನಿಗೆ ಅಷ್ಟೇ ಬೇಕಾಗಿತ್ತು. “ಹಂಗಾದ್ರೆ ಬುಟ್ಟಿ ನಿನ್ ಹತ್ರಾನೇ ಇರ್ಲಿ. ಸಿಕ್ಕಿದ್ರೆ ಕೊಡು, ನಂಗೆ ಸಾಕಾಗೈತೆ” ಎಂದು ಇಳಿಸಿಟ್ಟು ಹೋದ. ಹೀಗೆ ನನ್ನ ಹೆಸರಿನ ಚೀಟಿ ಅಂಟಿಸಿಕೊಂಡ ಬುಟ್ಟಿ ನನ್ನ ಮನೆಯಲ್ಲೇ ನನ್ನನ್ನು ನೋಡುತ್ತಾ ಕೂತಿತು. ಕುರ್ಚಿಯ ಮೇಲಿಟ್ಟರೆ ಅತಿಥಿ ಬಂದ ಹಾಗೆ, ಮೂಲೆಯಲ್ಲಿಟ್ಟರೆ ಶಿಕ್ಷೆಗೆ ನಿಲ್ಲಿಸಿದ ಹಾಗೆ. ಕೊನೆಗೆ ಅದರ ಮೇಲೆ ನಿನ್ನ ಹಳೆಯ ಏಪ್ರನ್ ಮುಚ್ಚಿದೆ. ಆಗ ನೀನೇ ಅಲ್ಲಿ ಕುಕ್ಕುರುಗಾಲಲ್ಲಿ ಕೂತು ನನ್ನನ್ನು ನೋಡುತ್ತಿರುವ ಹಾಗೆ ಕಾಣಿಸಿತು. ತೆಗೆದುಬಿಟ್ಟೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇದು ನಿಜ. ಮುಂದಿನ ತಿಂಗಳಿನಿಂದ ಬರುವುದನ್ನು ಮುಟ್ಟದೆ, ಬಂದದ್ದರ ಬಗ್ಗೆ ಉಸಿರೆತ್ತದೆ ಇದ್ದುಬಿಡಬಹುದಿತ್ತು. ಬಾಯಿ ಬಿಟ್ಟರೆ ಸಾಲ. ಸಾಲ ಎಂಬ ಮಾತು ಕಿವಿಗೆ ಬಿದ್ದರೆ ನೀನು ಏನು ಮಾಡುತ್ತೀಯ ಎಂಬುದು ನನಗೆ ಗೊತ್ತು. ದೊನ್ಯಾ ಗ್ರಾಸಿಯೇಲಾ ಸಂಸಾರ ಸಮೇತ ರಾಜಧಾನಿಗೆ ಹೋಗುತ್ತಿದ್ದಾಳೆ, ಇನ್ನೆರಡು ವರ್ಷಕ್ಕೆ ಜಾಸ್ತಿ ಸಂಬಳ ಕೊಟ್ಟು ನಿನ್ನನ್ನೂ ಕರೆಯುತ್ತಿದ್ದಾಳೆ, ಜನವರಿ ಆರರ ಮೂರು ರಾಜರ ಹಬ್ಬದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ತಾರಸಿ ಆಯಿತಲ್ಲ, ಉಹೂಂ ಎನ್ನುತ್ತೇನೆ ಎಂದು ನೀನು ಹೇಳಿದ್ದೆ. ಆ ಉಹೂಂ ಅನ್ನು ಕಾಪಾಡಿಕೊಳ್ಳಲು ನಾನು ಏನು ಬೇಕಾದರೂ ಮಾಡಲು ತಯಾರಿದ್ದೆ, ಬುಟ್ಟಿಯ ಮುಂದೆ ಕಣ್ಣು ಮುಚ್ಚಿಕೊಂಡು ಬದುಕಲಿಕ್ಕೂ.

ಕೆಡಿಸಿದವಳು ನೀನೇ. ಇಪ್ಪತ್ನಾಲ್ಕರ ಮಧ್ಯಾಹ್ನ ಫೋನು ಮಾಡಿ, ತಾರಸಿ ಸೋರುತ್ತದೆಯೇ, ಗೋಡೆ ಬಿರುಕು ಬಿಟ್ಟಿದೆಯೇ ಎಂದೆಲ್ಲ ಕೇಳಿದೆಯಲ್ಲ, ಆಮೇಲೆ ಏನು ಹೇಳಿದೆ ನೆನಪಿದೆಯಾ? “ಆ ಕಂಪನಿಯವ್ರಿಗೆ ದೇವ್ರು ಒಳ್ಳೇದ್ ಮಾಡ್ಲಿ ಕಣೋ ಪೀತೋ. ದಿನಾ ಅವರ್ ಹೆಸ್ರಲ್ಲಿ ಒಂದು ಮೇಣದ ಬತ್ತಿ ಹಚ್ತಿದೀನಿ.” ಅಲ್ಲ ಕಣೇ, ತಪ್ಪು ಲೆಕ್ಕಕ್ಕೆ ನೀನು ಮಂಡಿ ನೋಯಿಸಿಕೊಂಡು ಮೇಣದ ಬತ್ತಿ ಹಚ್ಚುತ್ತಿದ್ದರೆ ನಾನು ಹೇಗೆ ಆ ದ್ರಾಕ್ಷಿ ತಿನ್ನಲಿ? ಹಬ್ಬ ಕಳೆದ ಮಾರನೇ ದಿನವೇ ಔಷಧಿ ಅಂಗಡಿಯ ಮೇಲಿರುವ ಬೆಲ್ಕಿಸಳ ಆಫೀಸಿಗೆ ಹೋದೆ. ನಿನ್ನ ತೊಡೆಯ ಮೇಲೆ ಕೂತು ಜಡೆ ಹಾಕಿಸಿಕೊಂಡ ಹುಡುಗಿ ಈಗ ಕನ್ನಡಕ ಹಾಕಿಕೊಂಡು ವಕೀಲೆಯಾಗಿ ಕೂತಿದ್ದಾಳೆ. ಹಬ್ಬದ ರಜೆಯಲ್ಲೂ ಬಾಗಿಲು ತೆಗೆದಳು.

“ಮಾಮ, ತಪ್ಪಿ ಬಂದ ದುಡ್ಡು ತಪ್ಪಿ ಬಂದ ದುಡ್ಡೇ” ಎಂದಳು. “ತಗೊಂಡೋರು ವಾಪಸ್ ಕೊಡ್ಬೇಕು. ತಪ್ಪು ಕೊಟ್ಟೋರದ್ದೇ ಆಗಿದ್ರೂ ಅಷ್ಟೇ.” ನಾನು, “ಖರ್ಚಾಗ್ಹೋಗಿದೆ ಕಣಮ್ಮ, ತಲೆ ಮೇಲೆ ಗಟ್ಟಿಯಾಗಿ ಕೂತಿದೆ” ಎಂದೆ. “ತಲೆ ಮೇಲಿದ್ರೇನು, ಹೊಟ್ಟೇಲಿದ್ರೇನು? ಉಪ್ಪು ತಿಂದೋನು ನೀರು ಕುಡೀಲೇಬೇಕು” ಎಂದಳು. ಉಪ್ಪಿನ ಕಂಪನಿಯವನಿಗೆ ಈ ಗಾದೆ ಹೇಳುವ ಅವಕಾಶಕ್ಕಾಗಿ ಹುಟ್ಟಿದಾಗಿನಿಂದ ಕಾದಿದ್ದಳೋ ಏನೋ, ಹೇಳಿ ತಾನೇ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಗೊತ್ತಿಲ್ಲದೆ ತೆಗೆದುಕೊಂಡವನು ಅಸಲನ್ನಷ್ಟೇ ಕೊಡಬೇಕಂತೆ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ಬಡ್ಡಿಯೂ ಬೀಳುತ್ತದಂತೆ. “ನಿಮ್ಗೆ ಗೊತ್ತಾಗಿ ಇನ್ನೂ ವಾರ ಆಗಿಲ್ಲ, ಬಡ್ಡಿಗೆ ಹಲ್ಲು ಬರೋ ಮುಂಚೆ ಹೋಗಿ ಹೇಳ್ಬಿಡಿ. ಅವ್ರಾಗೇ ಕಂಡ್ಹಿಡಿದು ಕೇಳೋದೇ ಬೇರೆ, ನೀವಾಗೇ ಹೋಗಿ ಹೇಳೋದೇ ಬೇರೆ.” ಹಾಗಾದರೆ ನನ್ನ ಪರಿಹಾರ ಎಲ್ಲಿ ಎಂದು ಕೇಳಿದೆ. ತಾನಾಗಿ ಕೆಲಸ ಬಿಟ್ಟವನಿಗೆ ಅದು ಸಿಗುವುದಿಲ್ಲವಂತೆ. ರಾದಾಮೆಸ್ ಗಾಳಿಯಲ್ಲಿ ಮಾತಾಡಿದ್ದ, ನಾನು ಅದರ ಮೇಲೆ ತಾರಸಿ ಕಟ್ಟಿದ್ದೆ.

ಆದರೆ ಹುಡುಗಿ ಚುರುಕು. “ಸರಿ, ಉಳಿಸ್ಕೊಂಡಿದ್ದ ರಜೆಯ ದುಡ್ಡು ಕೊಟ್ರಾ?” ಎಂದಳು. ಇಲ್ಲ. “ಈಸ್ಟರ್‌ವರೆಗೂ ದುಡಿದಿದ್ದೀರಲ್ಲ, ಅಷ್ಟು ತಿಂಗಳಿಗೆ ಹಬ್ಬದ ಸಂಬಳದಲ್ಲಿ ಪಾಲು ಬರ್ಬೇಕು. ನೀವಾಗೇ ಬಿಟ್ರೂ ಬರ್ಬೇಕು. ಅದನ್ನ ಯಾಕೆ ಬಿಡ್ತೀರಾ? ಕೊಡೋದು ಕೊಡೋಣ, ಬರೋದು ಹಿಡ್ಕೊಳ್ಳೋಣ.” ಅಷ್ಟಕ್ಕೆ ಸಾಲ ಸ್ವಲ್ಪ ಇಳಿಯಿತು. ಟೈಲ್ಸಿಗೆಂದು ಮುಟ್ಟದೆ ಇಟ್ಟಿದ್ದ ಇಮ್ಮಡಿ ಸಂಬಳ ಹಾಗೆಯೇ ಬ್ಯಾಂಕಿನಲ್ಲಿತ್ತು, ಅದನ್ನು ತಿರುಗಿಸಿದರೆ ಇನ್ನಷ್ಟು ಇಳಿಯುತ್ತದೆ. ನಿನ್ನ ನೀಲಿ ಟೈಲ್ಸ್ ಹೋಯಿತು ಎರ್ಸೀ, ಕ್ಷಮಿಸು. ಉಳಿದದ್ದು ತಾರಸಿಯಷ್ಟು.

ಮಾರನೇ ದಿನ ಬುಟ್ಟಿ ಹೊತ್ತು ಬೆಲ್ಕಿಸಳ ಜೊತೆ ಆಗರದ ಆಫೀಸಿಗೆ ಹೋದೆ. ವರ್ಷಾಂತ್ಯದ ಲೆಕ್ಕಕ್ಕೆಂದು ರಾಜಧಾನಿಯಿಂದ ಮ್ಯಾನೇಜರ್ ದೊನ್ ಅಮೌರಿ ಬಂದಿದ್ದ. ರಾದಾಮೆಸ್ ನನ್ನನ್ನು ನೋಡಿದ ಕೂಡಲೇ, “ಏನೋ, ಸಿಕ್ಕಿದ್ನಾ ಆ ಎಲೀಹಿಯೋ?” ಎಂದ. “ಸಿಕ್ಕಿದ. ನಿನ್ನ ಮುಂದೇನೇ ನಿಂತಿದ್ದಾನೆ” ಎಂದೆ. ಅವನು ನನ್ನ ಹಿಂದೆ ಇಣುಕಿ ನೋಡಿದ! ನಿನ್ನ ಹಾಗೆಯೇ, ನಮ್ಮ ಮದುವೆಯ ದಿನದ ಹಾಗೆಯೇ. ದೊನ್ ಅಮೌರಿಗೆ ಎಲ್ಲ ಬಿಡಿಸಿ ಹೇಳಿದೆ. ಆತ ಕಂಪ್ಯೂಟರ್ ನೋಡಿ, “ಹಾಗೆಲ್ಲ ಹೇಳ್ಬೇಡಿ ಯಜಮಾನ್ರೇ, ಎಲೀಹಿಯೋ ಪೆರಾಲ್ತಾ ಇಡೀ ವರ್ಷದಲ್ಲಿ ಒಂದು ದಿನಾನೂ ರಜೆ ಹಾಕಿಲ್ಲ. ನಮ್ಮಲ್ಲಿ ಇಂಥೋರು ಇಬ್ರೇ ಇರೋದು” ಎಂದ. ತಾವು ಬದುಕಿದ್ದೇವೆ ಎಂದು ಸಾಬೀತು ಮಾಡುವವರನ್ನು ನೋಡಿದ್ದೇನೆ. ನಾನು ಕೆಲಸ ಮಾಡಿಲ್ಲ ಎಂದು ಸಾಬೀತು ಮಾಡಲು ನಾನು ಅರ್ಧ ಗಂಟೆ ಬೆವರಿದೆ. ಕೊನೆಗೆ ಗುರುತಿನ ಚೀಟಿ ತೋರಿಸಿದಾಗ ರಾದಾಮೆಸ್ ಅದನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ, ಮೋಸಹೋದವನ ಹಾಗೆ, “ಇಷ್ಟು ವರ್ಷ ನನ್ಗೂ ಹೇಳ್ಲಿಲ್ವಲ್ಲೋ!” ಎಂದ.

ದೊನ್ ಅಮೌರಿ ಅವನ ಮೇಲೆ ಹರಿಹಾಯ್ದ. ಬಾರದವನಿಗೆ ಬಂದನೆಂದು ಹಾಜರಿ ಹಾಕಿದ್ದು ಹೇಗೆ ಎಂದು ಕೂಗಾಡಿದ. ರಾದಾಮೆಸ್ಸನ ಮುಖ ಉಪ್ಪಿನ ರಾಶಿಯಷ್ಟು ಬಿಳಿಚಿತು. ರಾಜಧಾನಿಯಿಂದ ಬಂದ ಪಟ್ಟಿಯ ಹೆಸರುಗಳನ್ನು ಓದದೆಯೇ ಎಲ್ಲಕ್ಕೂ ಒಟ್ಟಿಗೆ ಹಾಜರಿ ಗೀಟು ಎಳೆಯುತ್ತಿದ್ದನಂತೆ. ನಾನು, “ದೊನ್, ಪಟ್ಟಿ ಇವನದ್ದು, ಆದ್ರೆ ಫೋನಲ್ಲಿ ಹೂಂ ಅಂದೋರು ನಿಮ್ಮೋರು, ತಗೊಂಡೋನು ನಾನು. ಬೈಯೋದಾದ್ರೆ ಮೂರು ಪಾಲು ಮಾಡಿ ಬೈಯಿರಿ” ಎಂದೆ. ಆತನಿಗೆ ನಗು ತಡೆಯಲಾಗಲಿಲ್ಲ. ಬೆಲ್ಕಿಸ್ ಆ ನಗು ಆರುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಳು. ಬಡ್ಡಿಯಿಲ್ಲ, ಅಸಲು ಮಾತ್ರ, ಅದೂ ಕಂತಿನಲ್ಲಿ, ಎಲ್ಲ ಬರವಣಿಗೆಯಲ್ಲಿ ಎಂದು ಒಂದೊಂದಾಗಿ ಒಪ್ಪಿಸಿದಳು. ಕಂತಿಗೆ ದುಡ್ಡು ಎಲ್ಲಿಂದ ಎಂದು ಆತ ಕೇಳಿದಾಗ ಮಾತ್ರ ನಾನು ಕಿಟಕಿಯ ಕಡೆ ನೋಡಿದೆ. ಆಡು ಮಾರುತ್ತೇನೆ ಎಂದೆ. ಆಗ ಆ ರಾದಾಮೆಸ್, ಆಗಷ್ಟೇ ಬೈಸಿಕೊಂಡವನು, ತಲೆ ತುರಿಸಿಕೊಳ್ಳುತ್ತಾ, “ದೊನ್, ಇವನ್ ಆಡನ್ನ ಬೇರೆಯವ್ರಿಗೆ ಮಾರ್ಸೋದು ಪಾಪ. ಇವನ್ ಹೆಂಡ್ತಿ ಬುತ್ತಿ ಕಳಿಸ್ತಿದ್ಲು, ಓರೆಗಾನೋ ಹಾಕಿ ಮಾಡಿದ ಆಡಿನ ಮಾಂಸ. ಇವ್ನಿಗೆ ಒಂದು ತುಂಡೂ ಉಳೀತಿರ್ಲಿಲ್ಲ, ನಾವೇ ತಿಂತಿದ್ವಿ. ಈಗ ನೀವು ತರಿಸ್ಕೊಡೋ ಊಟ ನಾಯಿನೂ ಮೂಸಲ್ಲ” ಎಂದ. ಅಂದಹಾಗೆ, ನಾನು ವರ್ಷಗಟ್ಟಲೆ ಸಂಜೆ ಹಸಿದು ಬಂದು ಸಿಡಿಮಿಡಿಗುಟ್ಟುತ್ತಿದ್ದದ್ದು ಯಾಕೆಂದು ನಿನಗೆ ಈಗ ತಿಳಿಯಿತಲ್ಲ.

ದೊನ್ ಅಮೌರಿ ಯೋಚಿಸಿದ. ಕೆಲಸಗಾರರ ಊಟಕ್ಕೆ ಕಂಪನಿ ಹೇಗೂ ಹೊರಗೆ ದುಡ್ಡು ಕೊಡುತ್ತಿದೆ. ಬೆಲ್ಕಿಸ್ ಹೇಳಿದಳು, ದುಡ್ಡಿನ ಸಾಲವನ್ನು ಬೇರೆ ರೂಪದಲ್ಲಿ ತೀರಿಸುತ್ತೇನೆಂದು ನಾವು ಹಟ ಹಿಡಿಯುವಂತಿಲ್ಲ, ಆದರೆ ಕೊಟ್ಟವರೇ ಒಪ್ಪಿದರೆ ಕಾನೂನು ಅಡ್ಡ ಬರುವುದಿಲ್ಲ. ಆತ ಒಪ್ಪಿದ: ನಮ್ಮ ಮನೆಯ ಅಡುಗೆ ಆಗರದವರಿಗೆ ಊಟವಾಗಿ ಹೋಗುವುದು, ಅದರ ಬೆಲೆ ನಮ್ಮ ಕಂತಿನಲ್ಲಿ ಕಳೆಯುವುದು. ಎದ್ದು ಬಂದು ಬುಟ್ಟಿಯ ಮೇಲಿನ ಚೀಟಿಯನ್ನು ಕಿತ್ತು, ಪೆನ್ನು ತೆಗೆದುಕೊಂಡು ಬಣ್ಣದ ಕಾಗದದ ಮೇಲೆಯೇ “ಪೀತೋಗೆ” ಎಂದು ಬರೆದು ನನ್ನ ಕೈಗಿಟ್ಟ. “ಇದು ತಪ್ಪಿ ಬಂದಿದ್ದಲ್ಲ, ತಗೊಳ್ಳಿ” ಎಂದ. ಬೆಲ್ಕಿಸಳ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. ಮನೆಗೆ ಬರುವ ದಾರಿಯಲ್ಲಿ ನಾನು ಸೀಟಿ ಹೊಡೆಯುತ್ತಿದ್ದೆನಂತೆ, ಆಚೀಚೆಯವರು ಹೇಳಿದರು. ನನಗೆ ಗೊತ್ತಾಗಲೇ ಇಲ್ಲ. ಸಾಲಗಾರನಾಗಿ ಬಂದವನಿಗೆ ಇಷ್ಟು ಹಗುರವಾಗುವುದು ಸರಿಯೋ ತಪ್ಪೋ, ಅಂತೂ ಹಗುರವಾಗಿತ್ತು. ತಾರಸಿಯ ಕೆಳಗೆ ಕಾಲು ಚಾಚಿ ಮಲಗಿದೆ, ಮೊದಲ ಬಾರಿ ಅದು ನಮ್ಮದೇ ಅನ್ನಿಸಿತು.

ಈ ಕಾಗದದ ಜೊತೆ ಆಡಿನ ಹಾಲಿನ ಸಿಹಿ ಕಳಿಸಿದ್ದೇನೆ. ದೊನ್ಯಾ ಗ್ರಾಸಿಯೇಲಾಗೂ ಸ್ವಲ್ಪ ಕೊಡು, ಹೆಚ್ಚು ಬೇಡ. ಅವಳ ಮಕ್ಕಳಿಗೆ ನನ್ನ ಹಾರೈಕೆ ಹೇಳು. ಪಕ್ಕದ ಮನೆಯವಳು ನಿನ್ನನ್ನು ಕೇಳಿದಳು. ಅವಳ ಸಾರಿನ ಬಗ್ಗೆ ಬರೆದದ್ದನ್ನು ಯಾರಿಗೂ ಓದಿ ಹೇಳಬೇಡ. ದೇವರು ನಿನ್ನ ಮಂಡಿಗೆ ಬಲವನ್ನೂ ಹೊಸ ವರ್ಷಕ್ಕೆ ನಮ್ಮಿಬ್ಬರಿಗೆ ಒಂದೇ ಬಾಗಿಲನ್ನೂ ಕೊಡಲಿ.

ನಿನ್ನವನೇ ಆದ
ಪೀತೋ
(ಕಂಪನಿಯ ಕಾಗದದಲ್ಲಿ ಮಾತ್ರ ಎಲೀಹಿಯೋ ಪೆರಾಲ್ತಾ)

ತಾಜಾಕಲಂ: ಡ್ರೈವರ್ ಹಾರ್ನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆಲ್ಕಿಸ್ ಹೇಳಿದಳು, ಗಂಡ ಹೆಂಡತಿ ಸೇರಿ ಮಾಡಿದ ಮನೆ ಹೇಗೆ ಇಬ್ಬರದ್ದೋ, ಆ ಮನೆಗಾಗಿ ಆದ ಸಾಲವೂ ಹಾಗೆ ಇಬ್ಬರದ್ದಂತೆ. ಅದಕ್ಕೆ ಒಪ್ಪಂದದಲ್ಲಿ ನನ್ನ ಸಹಿಯ ಪಕ್ಕ ನಿನ್ನದಕ್ಕೂ ಜಾಗ ಬಿಟ್ಟಿದ್ದಾಳೆ. ಅಡುಗೆಯ ಮಾತನ್ನು ನಿನ್ನನ್ನು ಕೇಳದೆ ಆಡಿಬಿಟ್ಟೆವು. ನೀನು ಒಲ್ಲೆ ಎಂದರೆ ಆ ಜಾಗ ಖಾಲಿ ಇರಲಿ, ನಾನು ಆಡು ಮಾರಿ ತೀರಿಸುತ್ತೇನೆ, ಒಂದು ಮಾತೂ ಅನ್ನುವುದಿಲ್ಲ. ಆದರೆ ಸಾಲ ತೀರಿಸಲು ರಾಜಧಾನಿಗೆ ಮಾತ್ರ ಹೋಗಬೇಡ. ತಾರಸಿ ಗಟ್ಟಿಯಾಗಿದೆ, ನಾನು ಆಗಿಲ್ಲ. ಎರಡು ಸೇಬು ತೆಗೆದಿಟ್ಟಿದ್ದೇನೆ, ಬಾಡುವ ಮೊದಲು ಬಾ. ದೊನ್ಯಾ ಗ್ರಾಸಿಯೇಲಾಗೆ ಉಹೂಂ ಎನ್ನಲು ಸಂಕೋಚವಾದರೆ, ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಸ್ಪೀಕರ್ ಹಾಕು. ನಾನೇ ಹೇಳುತ್ತೇನೆ.